ಸವ್ವಾ ಗುಂಟೆ ಹೊಲ, ಒಂದ ಅವರಿ ಹಂದರ

ನಮ್ಮ ಅತ್ತಿಯವ್ರು ಇಲ್ಲಿಂದ ಹೊಳ್ಳಿ ಊರಿಗೆ ಹೋದಮ್ಯಾಲೆ ಫೋನ್ ಮಾಡಿದವ್ರೆಲ್ಲಾ ಕೇಳೋದು ಒಂದ ಮಾತು. "ಆರ ತಿಂಗಳ ಆ ಥಂಡಿ ದೇಶದಾಗ ನಿಮ್ಮತ್ತಿ ಏನ ಮಾಡಿದ್ರವಾ? ಹೊತ್ತರ ಹೆಂಗ ಹೋತು?" ಚಿಗವ್ವ ಕೇಳಿದ್ಲು, ನೆಗೆಣ್ಣಿ ಕೇಳಿದ್ರು, ತವರಮನಿ ಓಣ್ಯಾಗಿನ ಹೆಣ್ಣಮಕ್ಕಳೂ ಕೇಳಿದ್ರು. ಲಂಡನ್ ನೋಡಿದ್ರೇನು, ಅರಮನಿ ನೋಡಿದ್ರೇನು ಅಂತ. ನೋಡಿದ್ರು, ಒಂದ ದಿನ. ಕಾಲು ನೋಯಾಕ ಹತ್ತಿದ್ವು ಅಂತ ಅರಮನಿ ಎದುರಿನ ಕಟ್ಟಿ ಮ್ಯಾಲೆ ಕುಂತು ಮೊಸರಬುತ್ತಿ ಉಂಡ ಬಂದ್ರು. ಉಳದ ದಿನ ಎಲ್ಲಾ ಹೊಲಕ್ಕ ಹೋದ್ರು. ಇದನ್ನ ಫೋನಿನ್ಯಾಗ ಹೇಳಿದ್ರ ಯಾರೂ ನಂಬವಲ್ರು. ಅದಕ್ಕ ಕುಂತು ಬರಿಯಾಕ ಹತ್ತೇನಿ.

ಹೊಲ ಅಂದ್ರ ನಮ್ಮ ನವಲಗುಂದ ಕಡಿ ಎರಿ ಹೊಲ ಕಣ್ಣಮುಂದ ತರಬ್ಯಾಡ್ರಿ. ಇಂಗ್ಲಂಡಿನ್ಯಾಗ ಊರೂರಿನ ಕೌನ್ಸಿಲಿನವ್ರು ಜನಕ್ಕ ಕಾಯಿಪಲ್ಯಾ ಬೆಳಕೊಳ್ಳಾಕ ಭೂಮಿ ತುಂಡ ಮಾಡಿ ಬಾಡಗಿಗೆ ಕೊಡತಾರ. ಅಲಾಟ್‌ಮೆಂಟ್ ಅಂತಾರ ಅದಕ್ಕ. 1908ರಾಗ ಆದ ಕಾಯ್ದೆ, ಇನ್ನೂ ನಡದೈತಿ: ಊರಿನ ಜನ ಬೇಕಂದ್ರ ಕೌನ್ಸಿಲಿನವ್ರು ಜಾಗಾ ಹುಡಕಿ ಕೊಡಬೇಕು. ಬೆಳದದ್ದು ಮನಿಮಂದಿ ತಿನ್ನಾಕ, ಅಂಗಡಿ ಹಾಕಾಕಲ್ಲ. ವರ್ಷದ ಬಾಡಗಿ, ಮನಿಮಂದಿ ಎಲ್ಲಾ ಒಂದ ಸಲ ಹೋಟೆಲಿಗೆ ಹೋಗಿ ಉಂಡಬಂದಷ್ಟ ಆಗತೈತಿ, ಅಷ್ಟ. ಆದ್ರ ಪಾಳಿ ಬರಾಕ ವರ್ಷಗಟ್ಲೆ ಕಾಯಬೇಕು. ನಾವು ಲೆಸ್ಟರಿಗೆ ಬಂದ ಹೊಸದಾಗ ಹೆಸರ ಹಚ್ಚಿದ್ವಿ, ಮಗಳು ಹುಟ್ಟಿ ಸಾಲಿಗೆ ಹೋಗೋ ಹೊತ್ತಿಗೆ ಕೈಗೆ ಬಂತು. ಅದೂ ಅರ್ಧಾ ಪ್ಲಾಟು.

ಅತ್ತಿಯವ್ರು ಏಪ್ರಿಲ್ ನಡುವ ಬಂದ ಮೂರನೇ ದಿನ ಅಲ್ಲಿಗೆ ಕರಕೊಂಡ ಹೋದೆ. ಸುತ್ತ ಒಮ್ಮೆ ಕಣ್ಣಾಡಿಸಿ ಮೊದಲ ಕೇಳಿದ ಮಾತು, "ಎಷ್ಟ ಗುಂಟೆ ಐತಿ?"

ನನಗ ಗೊತ್ತಿಲ್ಲ. ಇಲ್ಲಿಯವ್ರು ರಾಡ್ ಅಂತ ಅಳತಿ ಹೇಳತಾರ, ಪೂರ್ತಿ ಪ್ಲಾಟ್ ಅಂದ್ರ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮನಿಯವ್ರು ಅಲ್ಲೇ ನಿಂತು ಲೆಕ್ಕಾ ಮಾಡಿದ್ರು. ಎಕರೆಕ್ಕ 160 ರಾಡ್, ನಮ್ಮ ಕಡಿ ಎಕರೆಕ್ಕ 40 ಗುಂಟೆ. ಅಂದ್ರ ಒಂದ ಗುಂಟೆಕ್ಕ ಸರಿಯಾಗಿ 4 ರಾಡ್. ನಮ್ಮದು ಅರ್ಧಾ ಪ್ಲಾಟು, 5 ರಾಡ್. ಒಂದೂಕಾಲು ಗುಂಟೆ.

"ಸವ್ವಾ ಗುಂಟೆ!" ಅಂತ ಅತ್ತಿಯವ್ರು ಸೆರಗ ಬಾಯಿಗೆ ಹಚ್ಚಿ ನಕ್ಕರು. "ನಮ್ಮ ಹೊಲದಾಗ ಎತ್ತ ತಿರುಗಸಾಕ ಬಿಟ್ಟ ಜಾಗಾ ಇದಕ್ಕಿಂತಾ ಹೆಚ್ಚ ಇತ್ತಲ್ಲ ಯವ್ವಾ."

ನಮ್ಮ ಮಾವನವ್ರು ತೀರಿಕೊಂಡಮ್ಯಾಲೆ ಅತ್ತಿಯವ್ರು ಜೋರಾಗಿ ನಕ್ಕಿದ್ದು ನಾ ಕೇಳಿರಲಿಲ್ಲ. ಎರಡ ವರ್ಷ ಆತು. ನಾಲ್ಕ ಎಕರೆ ಹೊಲ ಲಾವಣಿಗೆ ಕೊಟ್ಟರು, ಎತ್ತು ಮಾರಿದ್ರು, ಊರಾಗಿನ ಮನಿಗೆ ಕೀಲಿ ಹಾಕಿದ್ರು. ಹುಬ್ಬಳ್ಳ್ಯಾಗ ಭಾವನವ್ರ ಫ್ಲ್ಯಾಟಿನ್ಯಾಗ ಎರಡನೇ ಮಾಳಗಿ ಮ್ಯಾಲೆ ಅವ್ರಿಗೊಂದ ಖೋಲಿ, ಅದಕ್ಕೊಂದ ಟೀವಿ. ನೆಗೆಣ್ಣಿ ಭಾಳ ಛಲೋ ನೋಡಕೋತಾರ, ಅದರಾಗ ಎರಡ ಮಾತಿಲ್ಲ, ಅಕ್ಕಾ ಇದನ್ನ ಓದತಾರಂತ ಹೇಳವಲ್ಲೆ, ಖರೇನ. ಆದ್ರ ಎಲ್ಲಾರೂ ಅವ್ರಿಗೆ ಹೇಳೋದು ಒಂದ: "ಇಷ್ಟ ವರ್ಷ ದುಡದೀರಿ, ಇನ್ನರ ಆರಾಮ ಕೂಡ್ರಿ." ನಾನೂ ಫೋನಿನ್ಯಾಗ ಅದನ್ನ ಹೇಳತಿದ್ದೆ. ಐವತ್ತ ವರ್ಷ ಸೂರ್ಯಾ ಹುಟ್ಟೋಕಿಂತ ಮೊದಲ ಎದ್ದ ಹೆಣ್ಣಮಗಳು ಮುಂಜಾನಿ ಆರಕ್ಕ ಎದ್ದು, ಏನೂ ಕೆಲಸ ಇಲ್ಲದ, ಮಂದಿ ಏಳೋ ತನಕಾ ಹಾಸಗಿ ಮ್ಯಾಲೆ ಕುಂತಿರೋದು ಎಂಥಾ ಆರಾಮ ಅನ್ನೋದು ಇಲ್ಲಿ ನಮ್ಮನಿಗೆ ಬಂದಾಗ ನೋಡಿದೆ.

ಹೊಲಕ್ಕ ಹೋಗಿ ಬಂದ ಮರುದಿನನ "ಆ ಗುದ್ದಲಿ ಎಲ್ಲೈತಿ?" ಅಂದ್ರು.

ಬೀಜದ್ದೊಂದ ಪಜೀತಿ ಆಗಿತ್ತು. ಊರಿಂದ ಬರೋವಾಗ ಸೀರಿ ಸೆರಗಿನ್ಯಾಗ ಮೆಂತ್ಯಾ, ಅವರಿ, ಹೀರಿ, ಹಕ್ಕರಿಕಿ ಎಲ್ಲಾ ಗಂಟ ಕಟಗೊಂಡಿದ್ರಂತ. ಪರದೇಶದ ಬೀಜ ಸರ್ಟಿಫಿಕೇಟ್ ಇಲ್ಲದ ಒಳಗ ತರೋಹಂಗಿಲ್ಲ, ರೋಗ ಬರತೈತಿ ಅಂತ ಕಾನೂನು. ನಮ್ಮನಿಯವ್ರು ಫೋನಿನ್ಯಾಗ ಹೇಳಿ ಹೇಳಿ ಬಿಚ್ಚಿಸಿಟ್ರು. "ನನ್ನ ಬೀಜಕ್ಕೇನ ರೋಗ?" ಅಂತ ಬಂದ ಮ್ಯಾಲೂ ಒಂದ ವಾರ ಮಗನ ಮ್ಯಾಲೆ ಸಿಟ್ಟು. ಆ ಸಿಟ್ಟು ಇಳಿಸಿದವ್ರು ಬಾಜೂ ಪ್ಲಾಟಿನ ಗುಜರಾತಿ ಬೆನ್. ಲೆಸ್ಟರಿನ್ಯಾಗ ಗುಜರಾತಿ ಮಂದಿ ಭಾಳ. ಅವ್ರ ಪ್ಲಾಟು ನೋಡಿದ್ರ ಇಂಗ್ಲಂಡಿನ್ಯಾಗ ಅದೀವೋ ನಮ್ಮ ಸಂತಿಯೊಳಗ ಅದೀವೋ ಅನಸತೈತಿ: ಮೇಥಿ, ಕೊತಂಬ್ರಿ, ದೂಧಿ, ಮೂಲಂಗಿ, ಎಲ್ಲಾ. ಬೆನ್ ಒಂದ ಡಬ್ಬಿಯೊಳಗಿಂದ ಹನ್ನೆರಡ ಕರೀ ಕಾಳು ತಗದು ಅತ್ತಿಯವ್ರ ಕೈಯಾಗ ಇಟ್ರು. ಪ್ರತಿ ವರ್ಷ ಮೊದಲ ಹೂವ ಬಿಟ್ಟ ಬಳ್ಳಿಯಿಂದ ತಾವ ಹಿಡದ ಬೀಜ. "ವಾಲೋಳ್" ಅಂದ್ರು. ಅತ್ತಿಯವ್ರು ಕಾಳಿನ ಹೊಟ್ಟಿ ಮ್ಯಾಲಿನ ಬಿಳೇ ಗೀಟು ನೋಡಿ "ಅವರಿ!" ಅಂದ್ರು. ಇವ್ರಿಗೆ ಗುಜರಾತಿ ಬರೋದಿಲ್ಲ, ಅವ್ರಿಗೆ ಕನ್ನಡ ಬರೋದಿಲ್ಲ. ಆರ ತಿಂಗಳ ಇಬ್ರೂ ಹಂಗ ಮಾತಾಡಿದ್ರು, ಏನೂ ಕಡಿಮಿ ಬೀಳಲಿಲ್ಲ.

ಅವರಿ ಕಾಳನ್ನ ಮನ್ಯಾಗ ಕಿಡಕಿ ಹತ್ರ ಸಣ್ಣ ಕುಂಡಿಯೊಳಗ ಊರಿ, ಥಂಡಿ ಪೂರ್ತಿ ಹೋದ ಮ್ಯಾಲೆ ಜೂನ್ ಮೊದಲನೇ ವಾರದಾಗ ಹೊಲದಾಗ ಹಚ್ಚಿದ್ವಿ. ಅತ್ತಿಯವ್ರು ಗಳ ಹುಗದು ಹಂದರ ಹಾಕಿದ್ರು. ಸುತ್ತಮುತ್ತಲ ಮಂದಿ ನಾಲ್ಕ ಗಳ ಮ್ಯಾಲೆ ಕೂಡಿಸಿ ಗೋಪುರದಂಗ ಕಟ್ಟಿದ್ರ, ನಮ್ಮದು ಮದವಿ ಹಂದರ. ಕೆಳಗ ಮನಷಾ ಕೂಡ್ರುವಷ್ಟು ಜಾಗಾ.

ಆಮ್ಯಾಲೆ ಬೇಸಿಗಿ. 2025ರ ಬೇಸಿಗಿ ಬ್ರಿಟನ್ನಿನ ದಾಖಲಿಯೊಳಗನ ಅತೀ ಬಿಸಿ ಬೇಸಿಗಿ, 2018ರ ದಾಖಲಿ ಮುರೀತು. ಇಲ್ಲಿಯವ್ರು ಅಯ್ಯೋ ಸುಟ್ಟೆವು ಅಂತಿದ್ರು, ಅತ್ತಿಯವ್ರು ಮೊದಲನೇ ಸಲ ಸ್ವೆಟರ್ ಬಿಚ್ಚಿಟ್ಟರು. ಅವರಿ ಬಳ್ಳಿ ಹಂದರ ತುಂಬಿ, ಹಂದರ ದಾಟಿ, ಬಾಜೂಕಿನ ಸೇಬಿನ ಗಿಡಕ್ಕ ಕೈ ಹಾಕಿತು. ಎಲಿ, ಎಲಿ, ಬರೇ ಎಲಿ. ಜುಲೈ ಆತು, ಒಂದ ಹೂವಿಲ್ಲ. ಆಗಸ್ಟ್ ಆತು, ಇಲ್ಲ. ಪಕ್ಕದ ಪ್ಲಾಟಿನ ಇಂಗ್ರೇಜಿ ಅಜ್ಜಾರ ರನ್ನರ್ ಬೀನ್ಸ್ ಕೆಂಪ ಹೂವ ಬಿಟ್ಟು, ಕಾಯಿ ಬಿಟ್ಟು, ಹರದಷ್ಟೂ ಮತ್ತ ಬಿಡತಿದ್ವು. ಅವ್ರು ಬಂದು ನಮ್ಮ ಹಂದರ ನೋಡಿ, "ಎಲಿ ಭಾಳ ಚಂದ ಬೆಳದೀರಿ" ಅಂದ್ರು. ಇಂಗ್ರೇಜರು ಹಿಂಗ ಹೊಗಳಿದ್ರ ಅದಕ್ಕ ಏನ ಅರ್ಥ ಅನ್ನೋದು ನನಗ ಈಗ ಗೊತ್ತಾಗೇತಿ. ನಾನೂ ಕೇಳಿದೆ, "ಅತ್ತಿ, ಗೊಬ್ಬರ ಹೆಚ್ಚಾತೇನ್ರೀ?"

"ಏನೂ ಹೆಚ್ಚಾಗಿಲ್ಲ. ಅವರಿ ಹಗಲ ನೋಡಿ ಹೂವ ಬಿಡತೈತಿ. ಊರಾಗ ಅವರಿಕಾಯಿ ಯಾವಾಗ ತಿಂತಿದ್ದೆವ? ಚಳಿಗಾಲದಾಗ. ಹಗಲ ಸಣ್ಣಾಗಲಿ ತಡಿ."

ಸಾಲಿ ಮುಖಾ ನೋಡಿದವ್ರಲ್ಲ ನಮ್ಮತ್ತಿ. ಆದ್ರ ಈ ಮಾತು ಪುಸ್ತಕದಾಗೂ ಹಂಗ ಐತಿ. ಕೆಲವು ಬೆಳಿ ಹಗಲು ಸಣ್ಣಾಗೋ ತನಕಾ ಹೂವ ಬಿಡೋದಿಲ್ಲ, ಅವರಿ ಆ ಜಾತಿ. ಕೆಲವು ಅದಕ್ಕ ಉಲ್ಟಾ, ಹಗಲು ದೊಡ್ಡದಾದ ಕೂಡಲೇ ಹೂವಿಗೆ ಏಳತಾವ. ಕೊತಂಬ್ರಿ ಹಂಗ. ಅದಕ್ಕನ ಇಲ್ಲಿ ಮೇ ತಿಂಗಳಾಗ ಹಾಕಿದ ಕೊತಂಬ್ರಿ ನಾಲ್ಕ ಎಲಿ ಬಿಡೋದ್ರಾಗ ದಂಟ ಎದ್ದು ಬಿಳೇ ಹೂವ ಆಗಿ ನಿಲ್ಲತೈತಿ, ಆಗಸ್ಟ್ ಕಡೀಕ ಹಾಕಿದ್ದು ಮಾತ್ರ ಸೊಂಪಾಗಿ ಕೈಗೆ ಸಿಗತೈತಿ. ನಮ್ಮ ಊರ ಕಡಿ ಜೂನ್ ತಿಂಗಳ ಅತೀ ದೊಡ್ಡ ಹಗಲು ಅಂದ್ರ 13 ತಾಸು. ಲೆಸ್ಟರಿನ್ಯಾಗ ಹತ್ತಹತ್ರ 17 ತಾಸು. ರಾತ್ರಿ ಒಂಬತ್ತೂವರಿಗೆ ಸೂರ್ಯಾ ಮುಳಗೋ ದೇಶದಾಗ ಆ ಬಳ್ಳಿಗೆ ಚಳಿಗಾಲ ಬಂತು ಅಂತ ಹೆಂಗ ಗೊತ್ತಾಗಬೇಕು ಪಾಪ? ಹಗಲು ಸಣ್ಣಾಗೋ ತನಕಾ ಕಾಯತೈತಿ. ಸಣ್ಣಾಗೋ ಹೊತ್ತಿಗೆ ಇಲ್ಲಿ ಥಂಡಿ ಬಂದು ನಿಂತಿರತೈತಿ. ಹೂವ ಮೊದಲೋ ಹಿಮ ಮೊದಲೋ, ಇಷ್ಟ ಪ್ರಶ್ನೆ.

ಅತ್ತಿಯವ್ರದೂ ಒಂದ ತಾರೀಖ ಇತ್ತು. ವೀಸಾ ಆರ ತಿಂಗಳದ್ದು. ಅಕ್ಟೋಬರ್ ಎರಡನೇ ವಾರಕ್ಕ ವಿಮಾನ.

ಆಗಸ್ಟ್ ಕಡೀಕ ಒಂದ ಮುಂಜಾನಿ ಹೊಲಕ್ಕ ಹೋದ್ರ ಗಾಳಿ ಬ್ಯಾರೆ ಆಗಿತ್ತು. ಬಿಸಲ ಇತ್ತು, ಆದ್ರ ನೆರಳಿನ್ಯಾಗ ನಿಂತ್ರ ಮೈ ಝುಮ್ ಅಂತಿತ್ತು. ಹುಲ್ಲಿನ ಮ್ಯಾಲೆ ಇಬ್ಬನಿ, ಗಳದಿಂದ ಗಳಕ್ಕ ಜ್ಯಾಡರ ಬಲಿ. ಸೆಪ್ಟೆಂಬರ್ ಹತ್ತಿದ ಮ್ಯಾಲೆ ಇಲ್ಲಿ ದಿನಕ್ಕ ನಾಲ್ಕ ನಾಲ್ಕ ನಿಮಿಷ ಹಗಲು ಕಡಿಮಿ ಆಕ್ಕೋತ ಹೋಗತೈತಿ, ವಾರಕ್ಕ ಹತ್ತಹತ್ರ ಅರ್ಧಾ ತಾಸು. ನಾ ದವಾಖಾನಿ ಪಾಳಿ ಮುಗಿಸಿ ಸಂಜಿಕೆ ಹೋದ್ರ, ಹೋದ ವಾರ ಬಿಸಲ ಇದ್ದ ಹೊತ್ತಿನ್ಯಾಗ ಈ ವಾರ ಕತ್ತಲಿ. ಅತ್ತಿಯವ್ರಿಗೆ ಗಡಿಯಾರ ಬೇಕಾಗಿರಲಿಲ್ಲ. ಮಳಿ ಬಂತಂದ್ರ "ಇದು ಹುಬ್ಬಿ ಮಳಿ" ಅಂತಿದ್ರು. ಎರಡ ವಾರ ಬಿಟ್ಟು "ಉತ್ತರಿ ಹತ್ತಿತು". ಇಂಗ್ಲಂಡಿನ ಮಳಿಗೆ ಆ ಹೆಸರ ಹೆಂಗ ಹೊಂದತೈತ್ರಿ ಅಂತ ಮೊಮ್ಮಗಳು ನಕ್ಕಳು. "ನಕ್ಷತ್ರ ಇಲ್ಲೂ ಅವ ಅದಾವಲ್ಲ" ಅಂದ್ರು. ಆಕಿ ಕಡೆ ಜವಾಬಿಲ್ಲ.

ಊರಾಗ ಇದು ಬಿತ್ತೋ ಹೊತ್ತು. ಹೆಸರು ಕಿತ್ತು ಹರಗಿ, ಉತ್ತರಿ ಹಸ್ತದ ಹದಕ್ಕ ಹಿಂಗಾರಿ ಜ್ವಾಳಾ, ಕಡ್ಲಿ, ಕುಸುಬಿ ಬಿತ್ತತಾರ. ಇಲ್ಲಿ ಅದ ಹೊತ್ತಿನ್ಯಾಗ ಎಲ್ಲಾ ಮುಗಸೋ ಕೆಲಸ. ಅತ್ತಿಯವ್ರಿಗೆ ಅದು ಭಾಳ ದಿನ ಹೊಂದಲಿಲ್ಲ. ಕೈಗೆ ಬಿತ್ತಾಕ ಬೇಕು, ಎದುರಿಗೆ ಇರೋದು ಕಿತ್ತಾಕೋದು. ಮೆಂತ್ಯಾ ಒಂದ ಮಡಿ ಹಾಕಿ ಸಮಾಧಾನ ಮಾಡಕೊಂಡ್ರು. ಸೆಪ್ಟೆಂಬರದಾಗ ಹಾಕಿದ ಮೆಂತ್ಯಾನೂ ಇಲ್ಲಿ ತಿಂಗಳೊಪ್ಪತ್ತಿನ್ಯಾಗ ಪಲ್ಯಾಕ ಬರತೈತಿ.

ಉಳ್ಳಾಗಡ್ಡಿ ಆಗಸ್ಟಿನ್ಯಾಗ ಕಿತ್ತು ಶೆಡ್ಡಿನ ತಗಡಿನ ಮ್ಯಾಲೆ ಒಣಾಕ ಹಾಕಿದ್ವಿ. ಕುತ್ತಿಗಿ ಪೂರ್ತಿ ಒಣಗಬೇಕು, ಹಸಿ ಇದ್ರ ಒಳಗಿಂದ ಕೊಳೀತೈತಿ. ಒಣಗಿದ ಮ್ಯಾಲೆ ಅತ್ತಿಯವ್ರು ಕುಂತು ಜಡಿ ಹೆಣದ್ರು. ಮೊಮ್ಮಗಳಿಗೆ ಮುಂಜಾನಿ ಹಾಕೋ ಜಡೀನ, ಹಂಗ ಮೂರ ಎಳಿ. ಒಂದೊಂದು ಜಡಿಗೆ ಇಪ್ಪತ್ತ ಗಡ್ಡಿ. ಹನ್ನೊಂದ ಜಡಿ ಆದ್ವು, ಈಗೂ ನಮ್ಮ ಗ್ಯಾರೇಜಿನ್ಯಾಗ ತೂಗತಾವ. ಕುಂಬಳಕಾಯಿ ಕೊಯ್ಯೋವಾಗ ಗೇಣಿನಷ್ಟು ತೊಟ್ಟು ಬಿಟ್ಟು ಕೊಯ್ಯಬೇಕು, ಆ ತೊಟ್ಟು ಹಿಡದು ಎತ್ತಬಾರದು, ಮುರದ್ರ ಅಲ್ಲಿಂದನ ಕೊಳ್ಯಾಕ ಶುರು. ಹತ್ತ ದಿನ ಬಿಸಲಿಗಿಟ್ಟು ಸಿಪ್ಪಿ ಗಟ್ಟಿ ಮಾಡಿದ್ರ ಸಂಕ್ರಾಂತಿ ತನಕಾ ಇರತಾವ. ಇದು ಎರಡೂ ದೇಶದಾಗ ಒಂದ ಪದ್ಧತಿ, ಯಾರೂ ಯಾರಿಗೂ ಹೇಳಿಕೊಡೋ ಪ್ರಸಂಗ ಬರಲಿಲ್ಲ.

ಸೆಪ್ಟೆಂಬರಿನ ಮಳಿ ಟೊಮ್ಯಾಟೊಕ್ಕ ರೋಗ ತಂತು. ಬ್ಲೈಟ್ ಅಂತಾರ ಇದಕ್ಕ. 1845ರಿಂದ ಮುಂದ ಐರ್ಲಂಡಿನ್ಯಾಗ ಆಲೂಗಡ್ಡಿ ಬೆಳಿಯೆಲ್ಲಾ ಕೊಳತು ಲಕ್ಷಾಂತರ ಮಂದಿ ಸತ್ತರಲ್ಲ, ಅದ ರೋಗ, ಆಲೂಗಡ್ಡಿ ಟೊಮ್ಯಾಟೊ ಎರಡಕ್ಕೂ ಬರತೈತಿ. ಸೋಮವಾರ ಎಲಿ ಮ್ಯಾಲೆ ಕಂದ ಕಲಿ, ಗುರುವಾರಕ್ಕ ಗಿಡ ಬೆಂದಂಗ ಆಗಿತ್ತು. ಕಲಿ ಬೀಳದ ಕಾಯಿ ಅಷ್ಟೂ ಅವತ್ತ ಹರಕೊಂಡ ಬಂದ್ವಿ, ಗಿಡಾ ಕಿತ್ತು ಹೊರಗ ಸಾಗಿಸಿದ್ವಿ, ತಿಪ್ಪಿಗೆ ಹಾಕಲಿಲ್ಲ. ಅಡಗಿಮನಿ ತುಂಬ ಹಸರ ಟೊಮ್ಯಾಟೊ, ಆರೇಳ ಕಿಲೋ.

ಅಜ್ಜಾರೂ ಅವತ್ತ ಅದ ಕೆಲಸ ಮಾಡಿದ್ರು. ಇಂಗ್ರೇಜರ ಮನ್ಯಾಗ ಸೆಪ್ಟೆಂಬರ್ ಅಂದ್ರ ಹಸರ ಟೊಮ್ಯಾಟೊ ಚಟ್ನಿ. ಆ 'ಚಟ್ನಿ' ಅನ್ನೋ ಶಬ್ದ ನಮ್ಮ ದೇಶದಿಂದನ ಹೋದದ್ದು, ಆದ್ರ ಮಾಡೋದು ಬ್ಯಾರೆ: ವಿನಿಗರ್, ಸಕ್ರಿ, ಒಣದ್ರಾಕ್ಷಿ ಹಾಕಿ ಎರಡ ತಾಸು ಕುದಿಸಿ ಬಾಟ್ಲಿಗೆ ತುಂಬತಾರ, ಕ್ರಿಸ್‌ಮಸ್ಸಿಗೆ ತಗೀತಾರ. ನಮ್ಮದು ನಿಮಗೆಲ್ಲಾ ಗೊತ್ತಿದ್ದದ್ದ. ಟೊಮ್ಯಾಟೊ ಹೆಚ್ಚಿ ಎಣ್ಯಾಗ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ ಕೂಡ ಬಾಡಸೋದು, ಹುರದ ಶೇಂಗಾ, ಕೊತಂಬ್ರಿ, ಉಪ್ಪು, ಹುಣಸಿಹಣ್ಣು ಬ್ಯಾಡ, ಸುಳ್ಳ ಬೆಲ್ಲಾ ಚೂರು, ತರಿತರಿಯಾಗಿ ತಿರುವೋದು. ಅತ್ತಿಯವ್ರು ಒಂದ ಡಬ್ಬಿ ಅಜ್ಜಾರಿಗೆ ಕೊಟ್ರು. ಅವ್ರು ಮರುದಿನ ಖಾಲಿ ಡಬ್ಬಿ ತಂದು, ಕಣ್ಣೊರಸಕೋತ, "ಇದಕ್ಕ ಏನೇನ ಹಾಕ್ಯಾರ ಕೇಳು" ಅಂದ್ರು. ಡಬ್ಬಿ ತುಂಬ ಬೀನ್ಸ್ ಇತ್ತು. ಅತ್ತಿಯವ್ರು ಡಬ್ಬಿಗೆ ಕೈ ಹಚ್ಚಲಿಲ್ಲ, ಸೆರಗ ಒಡ್ಡಿದ್ರು. ಅಜ್ಜಾರಿಗೆ ಒಂದ ಗಳಿಗಿ ತಿಳೀಲಿಲ್ಲ, ಆಮ್ಯಾಲೆ ಎರಡೂ ಕೈಯಿಂದ ಎತ್ತಿ ಉಡ್ಯಾಗ ಹಾಕಿದ್ರು. ಗುರೆಳ್ಳ ಪುಡಿ ಹಾಕಿ ಚವಳಿಕಾಯಿ ಪಲ್ಯಾದಂಗ ಮಾಡಿದ್ವಿ. ನಾರು ತಗೀಬೇಕು, ಇಲ್ಲಂದ್ರ ಹಲ್ಲಿನ್ಯಾಗ ಸಿಗತಾವ.

ಸೆಪ್ಟೆಂಬರ್ 14, ರವಿವಾರ. ನಾ ಮೆಂತ್ಯಾದ ಮಡಿಯಾಗ ಕುಂತು ಕಸಾ ತಗೀತಿದ್ದೆ. ಹಂದರದ ಒಳಗಿಂದ ಅತ್ತಿಯವ್ರು ಕರದ್ರು. ಜೋರಾಗಿ ಅಲ್ಲ, ಕೂಸ ಮಲಗಿದಾಗ ಕರೀತಾರಲ್ಲ ಹಂಗ. ಎಲಿ ಸರಿಸಿ ತೋರಿಸಿದ್ರು. ನೇರಳಿ ಬಣ್ಣದ ಮೊಗ್ಗಿನ ಗೊಂಚಲು, ಬತ್ತಿಯಂಗ ಮ್ಯಾಲಕ್ಕ ನಿಂತಿತ್ತು. ವಾರದಾಗ ಹಂದರ ತುಂಬ ಹೂವು. ಬೆನ್ ಬಂದು ನೋಡಿ, ಅತ್ತಿಯವ್ರ ಎರಡೂ ಕೈ ಹಿಡದ್ರು. ದೊಡ್ಡ ದೊಡ್ಡ ದುಂಬಿ ಬಂದ್ವು. ರಾತ್ರಿ ಥಂಡಿ ಬಿದ್ದ ದಿನ ಹೂವ ಉದರತಿದ್ವು, ಅತ್ತಿಯವ್ರು ಬಗ್ಗಿ ಎಣಸತಿದ್ರು, ಎಷ್ಟ ಉದರ್ಯಾವ, ಎಷ್ಟ ಉಳದಾವ. ಅಕ್ಟೋಬರ್ ಹತ್ತೋದ್ರಾಗ ಬಟ್ಟಿನುದ್ದ ಚಪ್ಪಟಿ ಕಾಯಿ ಕಂಡ್ವು.

ಶೀಗಿ ಹುಣ್ಣಿಮಿ ಅಕ್ಟೋಬರ್ ಮೊದಲ ವಾರದಾಗನ ಬಂತು, ವಿಮಾನಕ್ಕ ನಾಲ್ಕ ದಿನ ಇತ್ತು. ಊರಾಗ ಅವತ್ತ ಬಂಡಿ ಕಟಗೊಂಡು ಹೊಲಕ್ಕ ಹೋಗಿ ಚರಗಾ ಚೆಲ್ಲೋದು ನಿಮಗ ಹೇಳಬೇಕಾಗಿಲ್ಲ. ಭೂಮಿತಾಯಿ ಬಸುರಿ, ಅಕಿಗೆ ಬಯಕಿ ಊಟ. ಅತ್ತಿಯವ್ರು ಹಿಂದಿನ ದಿನನ ಕಡಬು, ಶೇಂಗಾ ಹೋಳಗಿ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಮಾಡಿ ಇಟ್ಟಿದ್ರು. ಅವತ್ತ ನಾ ರಜಾ ಹಾಕಿದ್ದೆ. ಹಂದರದ ಕೆಳಗ ಐದ ಸಣ್ಣ ಕಲ್ಲಿಟ್ಟು, ಕುಂಕುಮ ಹಚ್ಚಿ, ಉಡಿ ತುಂಬಾಕ ಹೋದವ್ರು ಸುತ್ತ ನೋಡಿ ನಿಂತುಬಿಟ್ರು. ಉಳ್ಳಾಗಡ್ಡಿ ಮಡಿ ಖಾಲಿ, ಆಲೂಗಡ್ಡಿ ಮಡಿ ಖಾಲಿ, ಟೊಮ್ಯಾಟೊ ಹೋದ ಜಾಗಾ ಬಯಲು.

"ಎಲ್ಲಿ ಬಸುರಿ ಯವ್ವಾ? ಇಲ್ಲಿ ಈಕಿದು ಬಾಣಂತನನೂ ಮುಗದೈತಿ."

ಹಂಗ ಅಂದು ತಾವ ನಕ್ಕು, ಚೀಲದಾಗಿಂದ ಬಳ್ಳೊಳ್ಳಿ ತಗಸಿದ್ರು. ಬೀಜದ ಬಳ್ಳೊಳ್ಳಿ ನಾ ಅದ ವಾರ ತಂದಿಟ್ಟಿದ್ದೆ, ಅಕ್ಟೋಬರದಾಗ ಇಲ್ಲಿ ಊರೋದು ಅದೊಂದ. ಚಳಿ ಹತ್ತಿದ್ರನ ಗಡ್ಡಿ ಎಸಳೆಸಳಾಗಿ ಒಡೀತೈತಿ, ಅಗಿಯೋದು ಮುಂದಿನ ಜುಲೈಕ್ಕ. ಇಬ್ರೂ ಕುಂತು ಗೇಣಿಗೊಂದು 60 ಎಸಳು ಊರಿದ್ವಿ, ಮಣ್ಣು ಸರಿಸಿದ್ವಿ. "ಈಗ ತುಂಬು ಉಡಿ" ಅಂದ್ರು. ಚರಗಾ ಚೆಲ್ಲಕೋತ ಸವ್ವಾ ಗುಂಟೆ ಸುತ್ತ ಬರಾಕ ಎರಡ ನಿಮಿಷ ಹಿಡೀಲಿಲ್ಲ. ಅದಕ್ಕ ಬೆನ್ ಪ್ಲಾಟಿಗೂ, ಅಜ್ಜಾರ ಪ್ಲಾಟಿಗೂ ಸೇರಿಸಿ ಚೆಲ್ಲಿದ್ರು. ಅಜ್ಜಾರು ಬೇಲಿ ಆಚೆ ನಿಂತು ಟೊಪಗಿ ತಗದ್ರು.

ಉಣ್ಣೋವಾಗ ಹೇಳಿದ್ರು. ಹಂದರದ ಕೆಳಗ, ರೊಟ್ಟಿ ಮುರಕೋತ, ನನ್ನ ಮುಖಾ ನೋಡಲಿಲ್ಲ.

"ಯುಗಾದಿಗೆ ಹೊಲದ ಲಾವಣಿ ಮುಗೀತೈತಿ. ಹತ್ತ ಗುಂಟೆ ನನಗ ಬಿಡಂತ ನಿಮ್ಮ ಭಾವಗ ಹೇಳಾಂವ್ ಅದೀನಿ. ಹಳ್ಳದ ದಂಡಿದು. ಊರಾಗಿನ ಮನಿ ಕೀಲಿ ತಗೀತೇನಿ."

ನಾ ಏನೂ ಅನಲಿಲ್ಲ. ಆಮ್ಯಾಲೆ ಕೇಳಿದೆ, "ಒಬ್ಬರನ ಇರತೀರೇನ್ರೀ?"

"ಊರ ಅಂದ್ರ ಒಬ್ಬಾಕಿ ಹೆಂಗ ಆಗತೇನಿ? ಹುಬ್ಬಳ್ಳ್ಯಾಗ ಅದೀನಿ ನೋಡು ಒಬ್ಬಾಕಿ, ಮುಂಜಾನಿ ಆರರಿಂದ ಎಂಟರ ತನಕಾ."

ರಾತ್ರಿ ಮನ್ಯಾಗ ದೊಡ್ಡ ವಾದಾ. ನಮ್ಮನಿಯವ್ರು ಒಪ್ಪಲಿಲ್ಲ. 68 ವರ್ಷ, ಬೀಪಿ ಗುಳಗಿ, ಬಚ್ಚಲದಾಗ ಬಿದ್ರ ಯಾರು ನೋಡೋರು, ಮಂದಿ ಏನಂತಾರ, ಇಬ್ರು ಮಕ್ಕಳಿದ್ದೂ ಮುದಕಿನ್ನ ಊರಾಗ ಬಿಟ್ಟರು ಅಂತಾರ. ಹುಬ್ಬಳ್ಳಿಗೆ ಫೋನ್ ಹೋತು, ಭಾವನವ್ರೂ ಅದ ಮಾತು. ಅವ್ರ ಮಾತಿನ್ಯಾಗ ಖರೇ ಐತಿ, ಅಂಜಿಕಿ ನನಗೂ ಐತಿ. ದವಾಖಾನಿಯೊಳಗ ಒಬ್ಬರ ಇರೋ ವಯಸ್ಸಾದವ್ರು ಬಿದ್ದು ಬರೋದನ್ನ ನಾ ವಾರಕ್ಕೊಮ್ಮೆ ನೋಡತೇನಿ. ಆದ್ರ ಮಗ ಸೊಸಿ ಜೋಡಿ ಇದ್ದು, ಸೋಫಾದ ಮ್ಯಾಲಿಂದ ಏಳಾಕ ಕಾರಣನ ಇಲ್ಲದ ಕಾಲಿನ ಶಕ್ತಿ ಕಳಕೊಂಡು ಬರೋವ್ರನ್ನೂ ನೋಡತೇನಿ. ಏಪ್ರಿಲದಾಗ ನಮ್ಮತ್ತಿ ನಮ್ಮನಿ ಮೆಟ್ಟಲಾ ಕಟಗಿ ಹಿಡದು ಒಂದೊಂದ ಹತ್ತತಿದ್ರು. ಸೆಪ್ಟೆಂಬರದಾಗ ಎರಡ ಕೊಡ ನೀರ ಎತ್ತಿಕೊಂಡು ತಿರುಗತಿದ್ರು. ನಿಮ್ಮ ಪೈಕಿ ಕೆಲವ್ರಿಗೆ ಬ್ಯಾಸರ ಆಗಬಹುದು, ಆದ್ರ ನಾ ಅತ್ತಿಯವ್ರ ಕಡೇನ ಅದೀನಿ, ಇಲ್ಲೂ ಹೇಳತೇನಿ. ಊರಾಗ ನಮ್ಮ ಮನಿ ಬಾಜೂಕ ಇರೋ ಅಕ್ಕಂದ್ರು ಇದನ್ನ ಓದತಿದ್ರ, ಬಾಗಲಾ ತಗದ ದಿನ ಒಂದ ಮಾತ ಕೇಳಿ ಬರ್ರಿ. ಮುಂಜಾನಿ ಒಂದ ಹಾಕ ಹಾಕಿದ್ರ ಸಾಕು.

ಹೋಗೋ ಹಿಂದಿನ ದಿನ ಅವರಿಕಾಯಿ ಹರದ್ವಿ. ಉಡಿಯೊಳಗ ತಳಾ ಮುಚ್ಚುವಷ್ಟು, ಮೂವತ್ತಾರ ಕಾಯಿ. ಪಲ್ಯಾಕ ಸಾಲಲಿಲ್ಲ, ಆಲೂಗಡ್ಡಿ ಕೂಡಿಸಿದ್ವಿ. ಆ ವಾಸನಿ ನನ್ನ ಅಡಗಿಮನ್ಯಾಗ ಮೊದಲನೇ ಸಲ. ಒಂದ ವಾಟಗಾ ಬೆನ್ ಮನಿಗೆ ಹೋತು. ಬೀಜಕ್ಕ ಬಿಡಾಕ ಹೊತ್ತ ಇರಲಿಲ್ಲ, ಕಾಳು ಬಲೀಬೇಕಂದ್ರ ಇನ್ನೂ ಒಂದೂವರಿ ತಿಂಗಳ ಬಿಸಲ ಬೇಕು. ಅತ್ತಿಯವ್ರು ಬಳ್ಳಿ ಕಡೆ ನೋಡಿ, "ಇದನ್ನ ಬೇರ ಸಮೇತ ಕೀಳಬ್ಯಾಡ, ನೆಲದ ಸಮ ಕೊಯ್ಯಿ. ಬೇರು ಮಣ್ಣಾಗ ಇದ್ರ ಮುಂದಿನ ಬೆಳಿಗೆ ಛಲೋ" ಅಂತ ಹೇಳಿ ಕೈ ತೊಳಕೊಂಡ್ರು.

ನವೆಂಬರದಾಗ ಒಂದ ರಾತ್ರಿ ಇಬ್ಬನಿ ಬೆಳ್ಳಗ ಹೆಪ್ಪಗಟ್ಟಿತು. ಮರುದಿನ ಹೋದ್ರ ಹಂದರ ಪೂರ್ತಿ ಕರಗ, ಬಿಸಿನೀರ ಸುರುವಿದ ಸೊಪ್ಪಿನಂಗ. ನೆಲದ ಸಮ ಕೊಯ್ದೆ. ಗಳ ಬಿಚ್ಚಿ ಶೆಡ್ಡಿನ್ಯಾಗ ಒಟ್ಟೇನಿ. ಹತ್ತ ಗುಂಟೆ ಮಾತು ಇನ್ನೂ ಮುಗದಿಲ್ಲ. ಭಾವನವ್ರು ಮೊದಲ "ಆಗೂದಿಲ್ಲ" ಅಂತಿದ್ರು, ಈಗ "ನೋಡೂಣು" ಅನ್ನಾಕ ಹತ್ಯಾರ. ನೆಗೆಣ್ಣಿ ಮಾತ್ರ ಹೋದ ವಾರ ತಾವ ಊರಿಗೆ ಹೋಗಿ ಮನಿ ಕಸಾ ಹೊಡದು, ನಳಾ ರಿಪೇರಿ ಮಾಡಿಸಿ ಬಂದಾರ, ಯಾರಿಗೂ ಹೇಳಿಲ್ಲ, ನನಗ ಹೇಳ್ಯಾರ.

ಅತ್ತಿಯವ್ರು ರವಿವಾರಕ್ಕೊಮ್ಮೆ ಫೋನ್ ಮಾಡತಾರ. ಮಗನ ಆರೋಗ್ಯ, ಮೊಮ್ಮಗಳ ಸಾಲಿ ಎಲ್ಲಾ ಒಂದ ನಿಮಿಷದಾಗ ಮುಗಸಿ ಬಳ್ಳೊಳ್ಳಿಗೆ ಬರತಾರ. ಬಟ್ಟಿನಷ್ಟು ಹಸರ ಮೊಳಕಿ ಬಂದಾವ, ಪಾರಿವಾಳ ಎಳೀತಾವಂತ ಮ್ಯಾಲೆ ಬಲಿ ಹಾಕೇನಿ. 60 ಎಸಳು ಊರಿದ್ದು, 57 ಎದ್ದಾವ. ಉಳದ ಮೂರು ಎಲ್ಲಿ ಹೋದ್ವು ಅಂತ ಎರಡ ಸಲ ಕೇಳ್ಯಾರ.